ಕಥೆಯೊಳಗಿನ ಪಿಯುಸಿ ಹುಡುಗ ಹುಡುಗಿಯರು ನಂಬುವಂತಿರಬೇಕಾದರೆ

ಹೊಸದಾಗಿ ಬರೆಯುವವರ ಕಥೆಗಳಲ್ಲಿ ಬರುವ ಹದಿನಾರು ಹದಿನೇಳರ ಮಕ್ಕಳನ್ನು ಐದಾರು ಡಬ್ಬಿಗಳಲ್ಲಿ ತುಂಬಿಡಬಹುದು. ಬೈಕಿನಲ್ಲಿ ಬಂದು ಕಾಲೇಜು ಗೇಟಿನ ಮುಂದೆ ಧೂಳೆಬ್ಬಿಸುವ ಒರಟ. ದಪ್ಪ ಕನ್ನಡಕದ, ಎರಡು ಜಡೆಯ ರ್‍ಯಾಂಕ್ ಹುಡುಗಿ. ಸದಾ ಏನಾದರೂ ತಿನ್ನುತ್ತ ನಗಿಸುವ ದಪ್ಪ ಗೆಳೆಯ. ಸುಳ್ಳು ಹೇಳಲು ಬಾರದ ಹಳ್ಳಿಯ ಮುಗ್ಧೆ. ಅಪ್ಪ ಅಮ್ಮನನ್ನು ಲೆಕ್ಕಕ್ಕೇ ಇಡದೆ ಮೊಬೈಲಿಗೆ ಅಂಟಿಕೊಂಡ ಪೇಟೆ ಹುಡುಗ. ಇವರೆಲ್ಲರ ಮೇಲೆ, ಹದಿನಾರಕ್ಕೇ ಬದುಕಿನ ಅರ್ಥ ತಿಳಿದು ಉಪನ್ಯಾಸ ಕೊಡುವ ಜ್ಞಾನಿ.

ಇಂಥವರು ಲೋಕದಲ್ಲಿ ಇಲ್ಲವೆಂದೇನಲ್ಲ. ಕನ್ನಡಕ ಹಾಕಿದ ರ್‍ಯಾಂಕ್ ಹುಡುಗಿಯರು ಬೇಕಾದಷ್ಟಿದ್ದಾರೆ. ಆದರೆ ಕಥೆಯಲ್ಲಿ ಆಕೆಗೆ ಕನ್ನಡಕ ಇರುತ್ತದೆ, ದಿನ ಇರುವುದಿಲ್ಲ. ಎಷ್ಟು ಗಂಟೆಗೆ ಏಳುತ್ತಾಳೆ, ಯಾವ ಬಸ್ಸು ಹಿಡಿಯುತ್ತಾಳೆ, ಕೈಯಲ್ಲಿ ಎಷ್ಟು ರೂಪಾಯಿ ಇದೆ ಎಂದು ಕೇಳಿದರೆ ಬರೆದವರೇ ತಡವರಿಸುತ್ತಾರೆ. ಈ ವಯಸ್ಸಿನವರಿಗೆ ಮೂರು ವಸ್ತುಗಳು ಸ್ವಂತದ್ದಲ್ಲ: ಸಮಯ, ದುಡ್ಡು, ಅಪ್ಪಣೆ. ಮೂರನ್ನೂ ದೊಡ್ಡವರಿಂದ ಕೇಳಿಯೋ ಕದ್ದೋ ಪಡೆಯಬೇಕು. ಕಥೆ ಹುಟ್ಟುವುದು ಆ ಕೇಳುವುದರಲ್ಲಿ, ಕದಿಯುವುದರಲ್ಲಿ. ಇವು ಮೂರೂ ಧಾರಾಳವಾಗಿ ಸಿಕ್ಕಿಬಿಟ್ಟ ಪಾತ್ರ ಹದಿನೇಳರದ್ದಾಗಿ ಉಳಿಯದೆ ಇಪ್ಪತ್ತೈದರದ್ದಾಗುತ್ತದೆ.

ಮೊದಲು ಹುಟ್ಟಿದ ವರ್ಷ ಬರೆದುಕೊಳ್ಳಿ

ಹೆಸರಿಡುವ ಮೊದಲು ಮಾಡಬೇಕಾದ ಕೆಲಸ ಇದು. 2025ರಲ್ಲಿ ದ್ವಿತೀಯ ಪಿಯುಸಿ ಓದುವ ಹುಡುಗಿ 2007–08ರ ಆಸುಪಾಸಿನಲ್ಲಿ ಹುಟ್ಟಿರುತ್ತಾಳೆ. ಆ ತರಗತಿಯ ಹಾಜರಿ ಪುಸ್ತಕದಲ್ಲಿ ಸಿಂಚನಾ, ಪ್ರಜ್ವಲ್, ಚಿನ್ಮಯಿ, ಯಶಸ್, ಅನನ್ಯಾ, ಆಯಿಷಾ ಇರುತ್ತಾರೆ. ಸರೋಜಾ, ರಮೇಶ ಸಿಗುವುದು ಅಪರೂಪ. ಅಜ್ಜಿಯ ಹೆಸರು ಇಟ್ಟಿದ್ದಾರೆ ಎನ್ನುವುದಾದರೆ ಅದನ್ನು ಕಥೆಯಲ್ಲೇ ಹೇಳಿ, ಆ ಹೆಸರಿಗೆ ಅವಳು ಪಟ್ಟ ಪಾಡನ್ನೂ ಒಂದು ಸಾಲಿನಲ್ಲಿ ತನ್ನಿ.

ಅದೇ ಲೆಕ್ಕ ತಾಯಿಗೂ ಬೇಕು. ಈ ಹುಡುಗಿಯ ಅಮ್ಮನಿಗೆ ಹೆಚ್ಚುಕಡಿಮೆ ನಲವತ್ತು. ನೆರೆತ ಕೂದಲು, ಸೆರಗಿನ ತುದಿಯಲ್ಲಿ ಕಣ್ಣೀರು, ದೇವರ ಮುಂದೆ ದೀಪ ಎಂದು ಬರೆದರೆ ಅದು ಅವಳ ಅಜ್ಜಿ. ನಲವತ್ತರ ಅಮ್ಮ ಸ್ಟೇಟಸ್ ಹಾಕುತ್ತಾಳೆ, ರೀಲ್ಸ್ ನೋಡುತ್ತಾಳೆ, ಮಗಳ ಲಾಸ್ಟ್ ಸೀನ್ ಎಷ್ಟು ಗಂಟೆಯದು ಎಂದು ಗಮನಿಸುವುದೂ ಅವಳಿಗೆ ಗೊತ್ತು. ಹದಿಹರೆಯದ ಪಾತ್ರ ಕೆಡುವುದಕ್ಕೆ ಎಷ್ಟೋ ಸಲ ಅಪ್ಪ ಅಮ್ಮಂದಿರೇ ಕಾರಣ. ಅವರನ್ನು ಹಳೆಯ ಕಾಲದಿಂದ ಎತ್ತಿ ತಂದು ಕೂರಿಸಿದರೆ ಎದುರಿಗಿನ ಮಗು ಎಷ್ಟೇ ನಿಜವಾಗಿದ್ದರೂ ಮಾತುಕತೆ ನಾಟಕವಾಗುತ್ತದೆ.

ಬೈಕಿನ ಒರಟನಿಗೂ ವಯಸ್ಸು ಕೇಳಿ. ಗೇರ್ ಇರುವ ಬೈಕಿಗೆ ಲೈಸೆನ್ಸ್ ಸಿಗುವುದು 18ಕ್ಕೆ; 16ಕ್ಕೆ ಸಿಗುವುದು 50 ಸಿಸಿ ಮೀರದ ಗೇರ್‌ಲೆಸ್ ಗಾಡಿಗೆ ಮಾತ್ರ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೋ ಗಾಡಿಯ ಮಾಲೀಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿಯೂ 12 ತಿಂಗಳು ರದ್ದು. ಹಾಗೆಂದು ಹುಡುಗರು ಓಡಿಸುವುದಿಲ್ಲವೇ? ಓಡಿಸುತ್ತಾರೆ, ಆದರೆ ಮುಖ್ಯರಸ್ತೆ ಬಿಟ್ಟು ಒಳದಾರಿಯಲ್ಲಿ, ಪೊಲೀಸರು ನಿಲ್ಲುವ ಸರ್ಕಲ್ ತಪ್ಪಿಸಿ, ಅಣ್ಣನ ಬೈಕಿಗೆ ಐವತ್ತು ರೂಪಾಯಿ ಪೆಟ್ರೋಲ್ ಹಾಕಿಸಿಕೊಂಡು. ಗೇಟಿನ ಮುಂದೆ ಧೂಳೆಬ್ಬಿಸುವುದಕ್ಕಿಂತ ಆ ಒಳದಾರಿಯಲ್ಲಿ ಕಥೆ ಹೆಚ್ಚಿದೆ.

ಒಂದು ದಿನದ ವೇಳಾಪಟ್ಟಿ, ಒಂದು ವರ್ಷದ ಕ್ಯಾಲೆಂಡರ್

ಪ್ರತಿ ಮುಖ್ಯ ಪಾತ್ರಕ್ಕೆ ಅರ್ಧ ಪುಟದ ವೇಳಾಪಟ್ಟಿ ಬರೆಯಿರಿ. ಕಥೆಯಲ್ಲಿ ಬಳಸಲಿಕ್ಕಲ್ಲ, ನಿಮಗಾಗಿ. ತಾಲ್ಲೂಕು ಕೇಂದ್ರದ ಕಾಲೇಜಿಗೆ ಹಳ್ಳಿಯಿಂದ ಬರುವ ಹುಡುಗನದು ಹೀಗಿರಬಹುದು: 5.45ಕ್ಕೆ ಏಳುವುದು, 7.10ರ ಬಸ್ಸು, 9ಕ್ಕೆ ತರಗತಿ, 4ಕ್ಕೆ ಬಿಟ್ಟರೆ 5.30ರ ಬಸ್ಸು, ಅದು ತಪ್ಪಿದರೆ 7ರದ್ದು. ನಾಲ್ಕರಿಂದ ಐದೂವರೆಯ ಆ ಒಂದೂವರೆ ಗಂಟೆ ಯಾರ ಲೆಕ್ಕಕ್ಕೂ ಸಿಗದ ಸಮಯ. ಪ್ರೀತಿ, ಜಗಳ, ಮೊದಲ ಸಿಗರೇಟು ಎಲ್ಲವೂ ಅಲ್ಲೇ. ಬಸ್ ಸ್ಟ್ಯಾಂಡು ಬಿಟ್ಟು ‘ಕಾಲೇಜ್ ಕ್ಯಾಂಟೀನ್’ ಹುಡುಕಬೇಡಿ. ಎಷ್ಟೋ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಕ್ಯಾಂಟೀನೇ ಇಲ್ಲ.

ಊಟವೂ ಸುಳಿವು ಕೊಡುತ್ತದೆ. ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಬಿಸಿಯೂಟ ಇತ್ತು. ಪಿಯುಸಿಗೆ ಬಂದ ಕೂಡಲೇ ಅದು ನಿಲ್ಲುತ್ತದೆ. ಏಳು ಗಂಟೆಯ ಬಸ್ಸಿಗೆ ಓಡುವ ಮನೆಯಲ್ಲಿ ಡಬ್ಬಿ ಯಾರು ಕಟ್ಟುತ್ತಾರೆ, ಕಟ್ಟದ ದಿನ ಏನು, ಗೆಳೆಯರ ಮುಂದೆ ಡಬ್ಬಿಯ ಮುಚ್ಚಳ ಎಷ್ಟು ತೆರೆಯುತ್ತಾನೆ ಎಂದು ಯೋಚಿಸಿದರೆ ‘ಬಡ ಹುಡುಗ’ ಎಂಬ ಪದವನ್ನೇ ಬಳಸಬೇಕಾಗಿಲ್ಲ.

ವರ್ಷದ ಕ್ಯಾಲೆಂಡರ್ ತಪ್ಪಿದರೆ ಓದುಗ ಮಕ್ಕಳು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ದ್ವಿತೀಯ ಪಿಯುಸಿಯಲ್ಲಿ ಜನವರಿಯ ಹೊತ್ತಿಗೆ ಪ್ರಿಪರೇಟರಿ, ಆಮೇಲೆ ಪ್ರಾಕ್ಟಿಕಲ್, ಮಾರ್ಚ್‌ನಲ್ಲಿ ವಾರ್ಷಿಕ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ, ಮೇ ತಿಂಗಳಲ್ಲಿ ನೀಟ್. ಫೆಬ್ರವರಿಯಲ್ಲಿ ನಾಯಕಿಯನ್ನು ನಾಲ್ಕು ದಿನದ ಪ್ರವಾಸಕ್ಕೆ ಕಳಿಸಿದರೆ ಅವಳ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡವರು ಯಾರು? ಹಾಜರಿ 75 ಶೇಕಡಕ್ಕಿಂತ ಕೆಳಗಿಳಿದರೆ ಪರೀಕ್ಷೆಗೆ ಕೂರುವುದೇ ಕಷ್ಟ. ತಿಂಗಳುಗಟ್ಟಲೆ ಕ್ಲಾಸಿಗೇ ಹೋಗದ ನಾಯಕ ಕೊನೆಗೆ ರ್‍ಯಾಂಕ್ ಪಡೆಯುವ ಕಥೆಗಳು ಬಿದ್ದುಹೋಗುವುದು ಇಲ್ಲಿಯೇ.

ಅಂಕಗಳನ್ನೂ ಸರಿಯಾಗಿ ಬರೆಯಿರಿ. ಎಸ್ಸೆಸ್ಸೆಲ್ಸಿ 625ಕ್ಕೆ, ಪಿಯುಸಿ 600ಕ್ಕೆ. ‘ಅವಳಿಗೆ ತೊಂಬತ್ತೆಂಟು ಪರ್ಸೆಂಟ್’ ಎನ್ನುವುದಕ್ಕಿಂತ ‘ಆರುನೂರಕ್ಕೆ ಐನೂರ ಎಂಬತ್ತೆಂಟು, ಕನ್ನಡದಲ್ಲೇ ಮೂರು ಹೋಯ್ತು’ ಎಂಬ ಮಾತು ಹೆಚ್ಚು ನಂಬಿಸುತ್ತದೆ. ರ್‍ಯಾಂಕ್ ಹುಡುಗಿಯರು ಪಡೆದ ಅಂಕದ ಬಗ್ಗೆ ಮಾತಾಡುವುದೇ ಕಡಿಮೆ, ಹೋದದ್ದರ ಬಗ್ಗೆಯೇ ಮಾತು.

‘ದಡ್ಡ’ನನ್ನು ಬಿಡಿಸಿ ನೋಡಿ

ಹಿಂದಿನ ಬೆಂಚಿನ ದಡ್ಡ ಎಂಬ ಡಬ್ಬಿ ನಮ್ಮಲ್ಲಿ ಅತಿ ಸೋಮಾರಿತನದ್ದು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹುಡುಗನನ್ನು ತೆಗೆದುಕೊಳ್ಳಿ. ಮೇ ತಿಂಗಳವರೆಗೆ ಅವನಿಗೆ ದ್ಯುತಿಸಂಶ್ಲೇಷಣೆ ಗೊತ್ತಿತ್ತು, ಜೂನ್‌ನಲ್ಲಿ ಅದೇ ವಿಷಯ ಫೋಟೋಸಿಂಥೆಸಿಸ್ ಆಗಿ ಬಂದು ಅಪರಿಚಿತವಾಯಿತು. ವೇಗೋತ್ಕರ್ಷ ಆಕ್ಸಲರೇಶನ್ ಆಯಿತು. ಊರಿನ ಶಾಲೆಗೆ ಮೊದಲಿಗನಾಗಿದ್ದವನು ಮೂರು ವಾರದಲ್ಲಿ ತರಗತಿಯ ಮೂಕನಾಗುತ್ತಾನೆ. ಉತ್ತರ ಗೊತ್ತಿದ್ದೂ ಕೈ ಎತ್ತುವುದಿಲ್ಲ, ಯಾಕೆಂದರೆ ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಕಟ್ಟಬೇಕು. ಈ ಹುಡುಗ ತಮಾಷೆ ಮಾಡಿ ಕ್ಲಾಸನ್ನು ನಗಿಸುತ್ತಿದ್ದರೆ ಅದು ‘ಕಾಮಿಡಿ ಪಾತ್ರ’ದ ಗುಣವಲ್ಲ, ಪ್ರಶ್ನೆ ತನ್ನ ಕಡೆ ಬಾರದಿರಲಿ ಎಂಬ ಉಪಾಯ. ಕಾಮಿಡಿ ಗೆಳೆಯನ ಪಾತ್ರ ಬರೆಯುವ ಮುನ್ನ ಅವನು ಯಾವುದರಿಂದ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಒಂದು ವಾಕ್ಯ ಬರೆದಿಟ್ಟುಕೊಳ್ಳಿ. ಆ ವಾಕ್ಯ ಸಿಗದಿದ್ದರೆ ಪಾತ್ರವನ್ನೇ ತೆಗೆದುಹಾಕಿ.

ದುಡ್ಡು ಮತ್ತು ಫೋನು

ಪಾತ್ರದ ಜೇಬಿನಲ್ಲಿರುವ ಮೊತ್ತ ಪ್ರತಿ ದೃಶ್ಯದಲ್ಲೂ ನಿಮಗೆ ಗೊತ್ತಿರಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡು ಬೇಡ, ಜೊತೆಗಿರುವ ಹುಡುಗನಿಗೆ ಪಾಸ್ ಬೇಕು, ಪಾಸಿನ ದಾರಿ ಬಿಟ್ಟು ಬೇರೆ ಊರಿಗೆ ಹೋಗಬೇಕೆಂದರೆ ದುಡ್ಡು ಬೇಕು. ಖಾಸಗಿ ಬಸ್ಸುಗಳೇ ಹೆಚ್ಚಿರುವ ಉಡುಪಿ, ಮಂಗಳೂರು ಕಡೆಯ ಕಥೆಯಾದರೆ ಈ ಲೆಕ್ಕವೇ ಬೇರೆ. ಗೋಬಿ ತಿಂದು ಫೋನಿನಲ್ಲಿ ದುಡ್ಡು ಕಳಿಸಿದರೆ, ಖಾತೆ ಅಪ್ಪನದಾಗಿದ್ದಲ್ಲಿ ಮೆಸೇಜು ಅಪ್ಪನಿಗೆ ಹೋಗುತ್ತದೆ: ಸಂಜೆ 4.52, ಅರವತ್ತು ರೂಪಾಯಿ, ಅಂಗಡಿಯ ಹೆಸರು ಸಮೇತ. ‘ಸ್ಪೆಷಲ್ ಕ್ಲಾಸ್ ಇತ್ತು’ ಎಂಬ ಸುಳ್ಳು ಅಲ್ಲೇ ಸತ್ತುಹೋಯಿತು. (ಗೋಬಿಯನ್ನು ಕೆಂಪಗೆ ಹೊಳೆಯಿಸುವ ಮುನ್ನ: ಕೃತಕ ಬಣ್ಣಕ್ಕೆ 2024ರ ಮಾರ್ಚ್‌ನಲ್ಲೇ ರಾಜ್ಯದಲ್ಲಿ ನಿಷೇಧ ಬಂದಿದೆ.)

ಫೋನ್ ಯಾರದು ಎಂಬುದು ‘ಫೋನ್ ಚಟ’ಕ್ಕಿಂತ ದೊಡ್ಡ ಪ್ರಶ್ನೆ. ಅಮ್ಮನದೇ? ಅಕ್ಕನ ಹಳೆಯದೇ? ಪರದೆ ಒಡೆದದ್ದೇ? ಓಟಿಪಿ ಯಾರ ನಂಬರಿಗೆ ಬರುತ್ತದೆ? ಅಮ್ಮನ ಫೋನಿನಲ್ಲಿ ತರಗತಿಯ ಗ್ರೂಪು ಇರುವ ಹುಡುಗಿ ಪ್ರತಿ ರಾತ್ರಿ ಮೆಸೇಜು ಅಳಿಸಿಯೇ ಫೋನ್ ವಾಪಸ್ ಕೊಡಬೇಕು. ಈ ಒಂದು ವಿವರ ಹಾಕಿದರೆ ಅವಳು ಹಠಮಾರಿಯೋ ಮುಗ್ಧೆಯೋ ಎಂದು ನೀವು ಹೇಳಬೇಕಾಗಿಲ್ಲ.

ಮಾತು

ಮಕ್ಕಳು ಮಾತಾಡಿದ ಕೂಡಲೇ ಪಾತ್ರ ಒಡೆಯುವುದಕ್ಕೆ ಎರಡು ದಾರಿಗಳಿವೆ. ಒಂದು ಪುಸ್ತಕದ ಭಾಷೆ, ಇನ್ನೊಂದು ಪ್ರತಿ ವಾಕ್ಯಕ್ಕೂ ‘ಬ್ರೋ’, ‘ಮಚ್ಚಾ’, ‘ಸೀನ್’ ಸುರಿಯುವುದು. ಎರಡನೆಯದು ಹೆಚ್ಚು ಕೆಟ್ಟದ್ದು. ಆಡುಮಾತಿನ ಹೊಸ ಪದಗಳು ಎರಡು ಮೂರು ವರ್ಷಕ್ಕೆ ಹಳಸುತ್ತವೆ, ನಿಮ್ಮ ಕಿವಿಗೆ ಬೀಳುವಷ್ಟರಲ್ಲಿ ಮಕ್ಕಳು ಬಿಟ್ಟಿರುತ್ತಾರೆ. ಪುಟಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಅದರ ಬದಲು ಊರಿನ ಮಾತು ಹಿಡಿಯಿರಿ. ಮಂಡ್ಯದ ಹುಡುಗ ‘ಏನ್ಲಾ’ ಎನ್ನುತ್ತಾನೆ, ಧಾರವಾಡದವನು ‘ಏನಲೇ’, ಪುತ್ತೂರಿನವನು ‘ಎಂತ ಮಾರಾಯ’. ಇವು ಹಳಸುವುದಿಲ್ಲ.

ಇನ್ನೊಂದು ಅಭ್ಯಾಸ: ಒಂದೇ ಸಂಗತಿಯನ್ನು, ಉದಾಹರಣೆಗೆ ಬಸ್ಸು ತಪ್ಪಿದ್ದನ್ನು, ಪಾತ್ರ ಮೂವರಿಗೆ ಹೇಳುವಂತೆ ಬರೆಯಿರಿ: ಅಮ್ಮನಿಗೆ, ಲೆಕ್ಚರರ್‌ಗೆ, ಗೆಳೆಯನಿಗೆ. ತಲಾ ಮೂರು ಸಾಲು. ಮೂರೂ ಒಂದೇ ಥರ ಕೇಳಿಸಿದರೆ ಪಾತ್ರ ಇನ್ನೂ ಹುಟ್ಟಿಲ್ಲ.

ಭಾಷಣ ಕೊಡುವ ಜ್ಞಾನಿಯನ್ನು ತಿದ್ದುವುದು ಕಷ್ಟ, ಏಕೆಂದರೆ ಅದು ಲೇಖಕರದೇ ದನಿ. ಒಂದು ಕರಡು:

‘ಅಂಕಗಳೇ ಜೀವನವಲ್ಲ ಅಪ್ಪಾ, ನನ್ನ ಕನಸುಗಳಿಗೂ ಬೆಲೆಯಿದೆ’ ಎಂದು ಕೀರ್ತನಾ ಕಣ್ಣೊರೆಸಿಕೊಂಡಳು.

ತಿದ್ದಿದ ಮೇಲೆ:

‘ಎಷ್ಟು ಬಂತು?’
‘ಇನ್ನೂ ಕೊಟ್ಟಿಲ್ಲ.’
‘ಸಿಂಚನಾಗೆ ಕೊಟ್ಟಿದಾರಂತೆ.’
‘ಅವಳ ಸೆಕ್ಷನ್ ಬೇರೆ.’
ಅಪ್ಪ ಟಿವಿಯ ಸದ್ದು ಕಡಿಮೆ ಮಾಡಿದರು. ಕೀರ್ತನಾ ಬ್ಯಾಗಿನ ಜಿಪ್ ಎಳೆದಳು. ಅದು ಮೊದಲೇ ಪೂರ್ತಿ ಹಾಕಿತ್ತು.

ಉತ್ತರ ಪತ್ರಿಕೆ ಎಲ್ಲಿದೆ ಎಂದು ಯಾರೂ ಹೇಳಲಿಲ್ಲ, ಓದುಗರಿಗೆ ಗೊತ್ತಾಯಿತು. ಈ ವಯಸ್ಸಿನವರು ಸಿಟ್ಟನ್ನು ವಿವರಿಸುವುದು ಕಡಿಮೆ, ಚಿಕ್ಕ ಉತ್ತರ ಕೊಟ್ಟು ಜಾಗ ಖಾಲಿ ಮಾಡುವುದು ಹೆಚ್ಚು. ಭಾಷಣ ಬಂದ ಕಡೆಯೆಲ್ಲ ಅದನ್ನು ಆರು ಪದಕ್ಕೆ ಮೀರದ ನಾಲ್ಕು ಉತ್ತರಗಳಾಗಿ ಒಡೆದು, ಕೈಗೆ ಒಂದು ಕೆಲಸ ಕೊಡಿ.

ಪ್ರೀತಿಯ ಬಗ್ಗೆ ಒಂದು ಎಚ್ಚರಿಕೆ. ಇಪ್ಪತ್ತಾರರ ಲೆಕ್ಚರರ್ ಮತ್ತು ಹದಿನೇಳರ ವಿದ್ಯಾರ್ಥಿನಿಯ ‘ಅಮರ ಪ್ರೇಮ’ ಹೊಸಬರ ಕಥೆಗಳಲ್ಲಿ ಪದೇ ಪದೇ ಬರುತ್ತದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು, ಲೈಂಗಿಕ ಸಂಬಂಧಕ್ಕೆ ಅವರ ಒಪ್ಪಿಗೆಗೆ ಬೆಲೆಯಿಲ್ಲ. ಆ ಕಥೆ ಬರೆಯಲೇಬೇಕೆಂದರೆ ಹುಡುಗಿಯ ಮೇಲೆ ನಡೆದ ಅಧಿಕಾರದ ಕಥೆಯಾಗಿ ಬರೆಯಿರಿ, ಪ್ರಣಯವಾಗಿ ಅಲ್ಲ.

ಕೊನೆಯ ತಪಾಸಣೆ

ಕರಡು ಮುಗಿದ ಮೇಲೆ ಎರಡು ಪುಟದ ಸಂಭಾಷಣೆಯಲ್ಲಿ ಹೆಸರುಗಳನ್ನೆಲ್ಲ ಮುಚ್ಚಿ ಓದಿ. ಯಾರ ಮಾತು ಯಾರದೆಂದು ತಿಳಿಯದಿದ್ದರೆ ಒಂದು ಪಾತ್ರಕ್ಕೆ ಪ್ರಶ್ನೆ ಕೇಳುವ ಚಾಳಿ, ಇನ್ನೊಂದಕ್ಕೆ ಮಾತು ಅರ್ಧಕ್ಕೆ ಬಿಡುವ ಚಾಳಿ ಕೊಟ್ಟು ನೋಡಿ.

ಆಮೇಲೆ ಇಬ್ಬರು ನಿಜವಾದ ಪಿಯುಸಿ ಮಕ್ಕಳಿಗೆ ಓದಲು ಕೊಡಿ. ‘ಹೇಗಿದೆ?’ ಎಂದು ಕೇಳಬೇಡಿ. ‘ಚೆನ್ನಾಗಿದೆ ಆಂಟಿ’ ಎಂದು ಪುಟ ವಾಪಸ್ ಬರುತ್ತದೆ. ಕೈಗೆ ಪೆನ್ಸಿಲ್ ಕೊಟ್ಟು, ನಗು ಬಂದ ಸಾಲಿಗೆ ಗೆರೆ ಎಳೆಯಲು ಹೇಳಿ, ನೀವು ಆ ಕೋಣೆಯಿಂದ ಎದ್ದು ಹೋಗಿ. ನೀವು ಕಣ್ಣೀರು ತರಿಸಲೆಂದು ಬರೆದ ಸಾಲಿಗೇ ಗೆರೆ ಬಿದ್ದಿದ್ದರೆ ಅಲ್ಲಿಂದ ತಿದ್ದಲು ಶುರುಮಾಡಿ. ಮತ್ತೆ, ಜನವರಿಯಿಂದ ಏಪ್ರಿಲ್‌ವರೆಗೆ ಅವರನ್ನು ಕೇಳಲೇಬೇಡಿ, ಅವರಿಗೆ ಪುರುಸೊತ್ತಿರುವುದಿಲ್ಲ.