ಮುರಕಲ್ಲಿನ ಮೇಲೆ ನಮ್ಮ 40 ಸೆಂಟ್ಸ್ ಪಾರ್ಕ್

ಮಂಗಳೂರಿನಲ್ಲಿ ನಮ್ಮ ಬಡಾವಣೆಯ ಪಾರ್ಕ್ ಸುಮಾರು 40 ಸೆಂಟ್ಸ್ ಜಾಗ. ಲೇಔಟ್ ನಕ್ಷೆಯಲ್ಲಿ ಮಾತ್ರ ಅದು ಪಾರ್ಕ್. ನೆಲದ ಮೇಲೆ ಇದ್ದದ್ದು ಮನೆ ಒಡೆದ ಕಲ್ಲುಮಣ್ಣು, ಬೊಂಡದ (ಎಳನೀರಿನ) ಚಿಪ್ಪು, ಗೋಣಿಯಲ್ಲಿ ಕಟ್ಟಿ ಎಸೆದ ಕಸ, ಅದರ ಸುತ್ತ ನಾವು ಕಮ್ಯುನಿಸ್ಟ್ ಗಿಡ ಅನ್ನುವ ಆಳೆತ್ತರದ ಕಳೆ. 2017ರಲ್ಲಿ ನಾವು ಆರು ಜನ ಸೇರಿ ಅಲ್ಲಿಗೆ ಇಳಿದೆವು. ರಾಮಕೃಷ್ಣ ಮಠದವರ ಸ್ವಚ್ಛ ಮಂಗಳೂರು ಶ್ರಮದಾನಕ್ಕೆ ನಾನು ಕೆಲವು ಭಾನುವಾರ ಹೋಗಿದ್ದೆ, ಆ ಹುರುಪು ಇನ್ನೂ ಇತ್ತು.

ಮೊದಲು ಕಾಗದದ ಕೆಲಸ. ಸುಮ್ನೆ ಹಾರೆ ಹಿಡಿದು ಹೋಗಬೇಡಿ. ಪಾರ್ಕ್ ಮತ್ತು ಬಯಲು ಜಾಗ ಉಳಿಸಲಿಕ್ಕೆ ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ, ಆದರೆ ನಿಮ್ಮ ಜಾಗ ಪಾರ್ಕ್ ಅಂತ ತೋರಿಸಲಿಕ್ಕೆ ನಕ್ಷೆಯ ಪ್ರತಿ ಕೈಯಲ್ಲಿರಬೇಕು. ಅದನ್ನು ಇಟ್ಟು ಪಾಲಿಕೆಗೆ ಅರ್ಜಿ ಕೊಟ್ಟೆವು. ಮೂಲೆಯಲ್ಲಿ ಎರಡು ಅಕೇಶಿಯಾ ಮರ ಇತ್ತು, ಅದನ್ನು ಮುಟ್ಟಲೇ ಇಲ್ಲ. ಮರಕ್ಕೆ ಕತ್ತಿ ಹಾಕುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಲೇಬೇಕು.

ಕಸ ತೆಗೆಯಲು ಒಂಬತ್ತು ಭಾನುವಾರ ಹಿಡಿಯಿತು. ಬೊಂಡದ ಚಿಪ್ಪನ್ನು ಒಂದು ಕಡೆ ರಾಶಿ ಹಾಕಿ ಬಿಡಬೇಡಿ, ನೀರು ನಿಂತು ಸೊಳ್ಳೆ ಆಗದ ಹಾಗೆ ಸೀಳಿ ಕವುಚಿ ಹಾಕಿ. ನಮ್ಮ ಊರಿಗೆ ಮಲೇರಿಯಾ ಕೊಟ್ಟ ಕಷ್ಟ ನೆನಪಿದೆ ಅಲ್ವಾ? ಸೀಳಿದ ಚಿಪ್ಪು ಒಣಗಿದ ಮೇಲೆ ಗಿಡದ ಬುಡಕ್ಕೇ ಆಯಿತು.

ಇನ್ನು ನಾವು ಮಾಡಿದ ದೊಡ್ಡ ತಪ್ಪು. 2018ರ ಮೇ ತಿಂಗಳಲ್ಲಿ ಮುರಕಲ್ಲು (ಜಂಬಿಟ್ಟಿಗೆ) ಅಗೆದು 60 ಗುಂಡಿ ಮಾಡಿದ್ದೆವು. ಮೇ 29ರಂದು ಊರೇ ಮುಳುಗುವ ಹಾಗೆ ಮಳೆ ಸುರಿಯಿತಲ್ಲ, ಆವತ್ತೇ ಎಲ್ಲ ಗುಂಡಿಯೂ ತುಂಬಿತು, ಆದರೂ ಪರಿಸರ ದಿನ ತಪ್ಪಬಾರದು ಅಂತ ಮರುವಾರ ನೀರು ಚೆಲ್ಲಿ ಅದರಲ್ಲೇ ಸಸಿ ಇಟ್ಟೆವು. ಆಗಸ್ಟ್ ಹೊತ್ತಿಗೆ 41 ಸಸಿ ಹೋಗಿತ್ತು. ಕಿತ್ತು ನೋಡಿದರೆ ಬೇರು ಕೊಳೆತು ಕಪ್ಪಾಗಿತ್ತು. ಅಡಿಕೆ ತೋಟದಲ್ಲಿ ದುಡಿದ ಪಕ್ಕದ ಮನೆಯ ಹಿರಿಯರು ಬಂದು ನೋಡಿ, "ಇದು ಗುಂಡಿ ಅಲ್ಲ ಮಾರಾಯ್ರೆ, ಬಾಲ್ದಿ. ಕಲ್ಲಿನ ಒಳಗಿಂದ ನೀರು ಹೋಗುವುದು ಎಲ್ಲಿಗೆ?" ಅಂದರು.

ಅವರೇ ದಾರಿ ತೋರಿಸಿದರು. ಪ್ರತಿ ಗುಂಡಿಯ ತಗ್ಗಿನ ಬದಿಯಿಂದ ಗೇಣಗಲದ ಕಣಿ ಕಡಿದು ನೀರು ಹೊರಗೆ ಬಿಟ್ಟೆವು. ಗುಂಡಿಗೆ ಮಣ್ಣು, ತರಗೆಲೆ, ಒಣಗಿದ ಸೆಗಣಿ ತುಂಬಿ ನೆಲಕ್ಕಿಂತ ಒಂದಡಿ ಎತ್ತರ ದಿಬ್ಬ ಮಾಡಿ, ಸಸಿಯನ್ನು ದಿಬ್ಬದ ಮೇಲೆ ಇಟ್ಟೆವು. ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಗಿಡ ಸಾಯುವುದು ನೀರಿಲ್ಲದೆ ಮಾತ್ರ ಅಲ್ಲ. ರೆಂಜ (ಬಕುಳ), ನೇರಳೆ, ಪುನರ್ಪುಳಿ (ಕೋಕಂ), ಹಲಸು, ಇಷ್ಟೇ ಆರಿಸಿದೆವು. ಗುಲ್‌ಮೊಹರ್ ಬೇಕು ಅಂದವರಿದ್ದರು, ನಾನು ಒಪ್ಪಲಿಲ್ಲ. ಮಳೆಗಾಲದ ಗಾಳಿಗೆ ಅದರ ಕೊಂಬೆ ಮುರಿದು ಬೀಳುತ್ತದೆ, ಕೆಳಗೆ ಮಕ್ಕಳು ಆಡುತ್ತಾರೆ.

2019ರ ಬೇಸಿಗೆಯಲ್ಲಿ ಕಷ್ಟ ತಿರುಗಿ ಬಂತು. ಊರಿಗೆ ಕುಡಿಯುವ ನೀರು ಕೊಡುವ ತುಂಬೆ ಡ್ಯಾಂನಲ್ಲಿ ನೀರಿಲ್ಲದೆ ಮನೆ ನಳ್ಳಿಗೇ ರೇಷನಿಂಗ್ ಇರುವಾಗ ಗಿಡಕ್ಕೆ ನೀರು ಕೇಳುವುದು ಹೇಗೆ? ಬಾವಿ ಇರುವ ಮೂರು ಮನೆಯ ಅಕ್ಕಂದಿರು ಅಕ್ಕಿ, ತರಕಾರಿ ತೊಳೆದ ನೀರನ್ನು ಬಾಲ್ದಿಯಲ್ಲಿ ತುಂಬಿಸಿ ಗೇಟಿನ ಹತ್ತಿರ ಇಡುತ್ತಿದ್ದರು, ನಾವು ಸಂಜೆ ಹೊತ್ತು ಹಾಕುತ್ತಿದ್ದೆವು. ಬುಡದಲ್ಲಿ ಕವುಚಿಟ್ಟ ಚಿಪ್ಪಿನ ಅಡಿಯಲ್ಲಿ ಮಣ್ಣು ಎರಡು ದಿನ ತಂಪಾಗಿ ಇರುತ್ತಿತ್ತು. ಆ ಬೇಸಿಗೆ ದಾಟಿದ ಗಿಡಗಳು ಈಗ ನನಗಿಂತ ಎತ್ತರ ಇವೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಕಳೆಯ ವಿಷಯ. ನೆಡುವ ದಿನ 70 ಜನ ಬಂದಿದ್ದರು, ಫೋಟೋ ತೆಗೆದರು, ಸಂತೋಷ. ಕಳೆ ಕೀಳಲು ಬರುವವರು ಏಳೆಂಟು ಜನ, ಪಾರ್ಕ್ ಉಳಿದದ್ದು ಅವರಿಂದ. ಕಮ್ಯುನಿಸ್ಟ್ ಗಿಡ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಪಿಕಾಸು ಹಾಕಿ ಬೇರು ಸಮೇತ ಎಬ್ಬಿಸಬೇಕು. ಅದೂ ಅಕ್ಟೋಬರ್‌ನಲ್ಲಿ, ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮೊದಲು. ಜನವರಿಗೆ ಬಿಟ್ಟರೆ ಬೀಜ ಗಾಳಿಯಲ್ಲಿ ಹಾರಿ ಎಲ್ಲ ಕೆಲಸ ಮೊದಲಿಗೆ ಬರುತ್ತದೆ. ಹಳದಿ ಹೂವಿನ ವೆಡೇಲಿಯಾ ಬಳ್ಳಿ ಇನ್ನೂ ಹಟಮಾರಿ. ಅದರ ಒಂದು ಗೆಣ್ಣು ನೆಲಕ್ಕೆ ತಾಗಿದರೂ ಬೇರು ಬಿಡುತ್ತದೆ, ಹಾಗಾಗಿ ಕಿತ್ತದ್ದನ್ನು ಚರಂಡಿಗೆ ಎಸೆಯದೆ ಕಾಂಕ್ರೀಟ್ ಮೇಲೆ ಹರಡಿ ಪೂರ್ತಿ ಒಣಗಿಸುತ್ತೇವೆ.

ಚರಂಡಿ ಬದಿಯಲ್ಲಿ ಐದಾರು ಸೆಂಟ್ಸಿನಷ್ಟು ವೆಡೇಲಿಯಾ ಈಗಲೂ ಇದೆ. ಮಳೆ ಬಿಟ್ಟ ಮೇಲೆ ಮೊದಲ ಭಾನುವಾರ ಅಲ್ಲಿಂದಲೇ ಶುರು, ಬೆಳಗ್ಗೆ ಆರೂವರೆಗೆ. ಪಿಕಾಸು ನಮ್ಮಲ್ಲಿದೆ, ಕೈಗವಸು ಮಾತ್ರ ನೀವೇ ತನ್ನಿ.