ಮೋಟಾರ್‌ಹೋಮ್‌ನ ಇಂಜಿನ್ ಆಯಿಲ್ ನೀವೇ ಬದಲಿಸುವುದು ಹೇಗೆ?

ಕಾರಿನ ಆಯಿಲ್ ಬದಲಿಸಿ ರೂಢಿ ಇದ್ದವರಿಗೆ ಮೋಟಾರ್‌ಹೋಮ್, ಅಂದರೆ ಒಳಗೇ ವಾಸಿಸಬಹುದಾದ ಮನೆಯಂಥ ಗಾಡಿ, ಹೊಸ ವಿದ್ಯೆಯೇನಲ್ಲ. ಹಳೆಯದನ್ನು ಇಳಿಸಬೇಕು, ಫಿಲ್ಟರ್ ಬದಲಿಸಬೇಕು, ಹೊಸದನ್ನು ಸುರಿಯಬೇಕು, ಅಷ್ಟೇ. ಆದರೆ ಈ ಗಾಡಿ ಹಲವು ಟನ್ ತೂಗುತ್ತದೆ, ನೀವು ಅದರ ಕೆಳಗೆ ಮಲಗಬೇಕು. ಜೊತೆಗೆ, ಇದು ಓಡುವುದಕ್ಕಿಂತ ನಿಂತಿರುವುದೇ ಜಾಸ್ತಿ. ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಕೆಲಸ ಸಲೀಸು.

ಯಾವಾಗ ಬದಲಿಸಬೇಕು?

ಇಲ್ಲಿ ಕಿಲೋಮೀಟರ್ ಲೆಕ್ಕವೊಂದೇ ಸಾಲದು. ಇಂಜಿನ್ ಓಡುವಾಗ ನೀರಿನ ಪಸೆ, ಆಮ್ಲ, ಮಸಿ ಎಲ್ಲವೂ ಆಯಿಲ್‌ಗೆ ಸೇರುತ್ತಾ ಹೋಗುತ್ತವೆ. ದೂರದ ಓಟದಲ್ಲಿ ಆಯಿಲ್ ಚೆನ್ನಾಗಿ ಬಿಸಿಯಾಗಿ ನೀರಿನ ಪಸೆ ಆರಿಹೋಗುತ್ತದೆ. ನಿಲ್ಲಿಸಿದ ಜಾಗದಲ್ಲೇ ಐದು ನಿಮಿಷ ಸುಮ್ನೆ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಪಸೆ ಇನ್ನಷ್ಟು ಸೇರುತ್ತದೆಯೇ ಹೊರತು ಆರುವುದಿಲ್ಲ. ಹಾಗಾಗಿ ಗಾಡಿ ಹೆಚ್ಚು ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ನಿಲ್ಲಿಸುವ ಮೊದಲೇ ಬದಲಿಸಿ, ಮತ್ತೆ ಹೊರಡುವಾಗ ಅಲ್ಲ. ಅಷ್ಟು ದಿನವೂ ಬೇರಿಂಗ್‌ಗಳ ಮೇಲೆ ಹಳೆಯ ಕೊಳೆ ಕೂತಿರಬಾರದು ಅಲ್ವಾ?

ಬೇಕಾದ ಸಾಮಾನು

ಮೊದಲು ಕೈಪಿಡಿ ತೆಗೆಯಿರಿ. ವ್ಯಾನ್ ಮೇಲೆ ಕಟ್ಟಿದ ಗಾಡಿಗೆ ಸಾಮಾನ್ಯವಾಗಿ 6ರಿಂದ 12 ಲೀಟರ್ ಆಯಿಲ್ ಬೇಕು. ಹಿಂದೆ ಇಂಜಿನ್ ಇರುವ ದೊಡ್ಡ ಡೀಸೆಲ್ ಗಾಡಿಗಳಲ್ಲಿ ಅದು 20 ಲೀಟರ್ ದಾಟಬಹುದು. ಹಳೆ ಆಯಿಲ್ ಹಿಡಿಯಲು ಕಾರಿಗೆ ಬಳಸುವ ತಟ್ಟೆ ಅರ್ಧಕ್ಕೇ ತುಂಬಿ ಹರಿಯುತ್ತದೆ, ಆಯಿಲ್ ಇಳಿಸುವ ತೂತಿನ ಡ್ರೇನ್ ಬೋಲ್ಟ್ ಬಿಚ್ಚಿದ ಮೇಲೆ ಹರಿವನ್ನು ನಿಲ್ಲಿಸುವುದೂ ಕಷ್ಟ. ತಟ್ಟೆಯ ಅಳತೆ ನೋಡಿಯೇ ಕೆಲಸಕ್ಕೆ ಇಳಿಯಿರಿ.

ಆಯಿಲ್ ಕೊಳ್ಳುವಾಗ 5ಡಬ್ಲ್ಯೂ-30 ಎಂಬಂಥ ಸಂಖ್ಯೆಯೊಂದನ್ನೇ ನೋಡಿದರೆ ಆಗಲಿಲ್ಲ. ಅದು ಆಯಿಲ್ ಎಷ್ಟು ಗಟ್ಟಿ ಎಂಬುದನ್ನಷ್ಟೇ ಹೇಳುತ್ತದೆ. ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುವ ಡೀಸೆಲ್ ಇಂಜಿನ್‌ಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು, ಇಲ್ಲದಿದ್ದರೆ ಆ ಬೂದಿ ಹೋಗಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಆಯಿಲ್‌ನ ಗುಣಮಟ್ಟ ಸೂಚಿಸಲು ಕೈಪಿಡಿಯಲ್ಲಿ ಬರೆದ ಎಪಿಐ ಅಥವಾ ಎಸಿಇಎ ಗುರುತು ಡಬ್ಬಿಯ ಮೇಲೂ ಇರಬೇಕು.

ಹೊಸ ಫಿಲ್ಟರ್, ಡ್ರೇನ್ ಬೋಲ್ಟ್‌ನ ಹೊಸ ವಾಷರ್, ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ವ್ರೆಂಚ್, ಆಲಿಕೆ, ಕೈಗವಸು, ಕನ್ನಡಕ, ಹಳೆ ಬಟ್ಟೆ ಇವಿಷ್ಟು ಹತ್ತಿರ ಇರಲಿ. ಬಳಸಿದ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ, ಕೈಗವಸು ಬಿಡಬೇಡಿ.

ಗಾಡಿಯ ಕೆಳಗೆ ಹೋಗುವ ಮೊದಲು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಗಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಗಳ ಹಿಂದೆ ಮುಂದೆ ಅಡ್ಡಗಟ್ಟೆ ಇಡಿ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ನೀವು ಕೆಳಗಿರುವಾಗ ಮನೆಯವರು ಯಾರಾದರೂ ಎಸಿಗೆಂದು ಗಾಡಿ ಸ್ಟಾರ್ಟ್ ಮಾಡಬಾರದು.

ಗಾಡಿಯನ್ನು ಮಟ್ಟ ಮಾಡುವ ಲೆವೆಲಿಂಗ್ ಜಾಕ್‌ಗಳನ್ನು ನಂಬಿ ಕೆಳಗೆ ನುಗ್ಗಲೇಬೇಡಿ. ಅವು ಇರುವುದು ನೀವು ಒಳಗೆ ಆರಾಮವಾಗಿ ಮಲಗಲಿ ಎಂದು, ಕೆಳಗೆ ಮಲಗಿದವರನ್ನು ಕಾಪಾಡಲಿಕ್ಕಲ್ಲ. ಗಾಡಿಯನ್ನು ಗಾಳಿಚೀಲಗಳ ಮೇಲೆ ನಿಲ್ಲಿಸುವ ಏರ್ ಸಸ್ಪೆನ್ಷನ್ ಇದ್ದರೆ ಅಪಾಯ ಇನ್ನೂ ಜಾಸ್ತಿ. ಗಾಳಿ ಸೋರಿದರೆ ಇಡೀ ಚಾಸಿ ಕೆಳಗೆ ಕುಸಿಯುತ್ತದೆ, ಆಗ ಮಲಗಿರುವವರಿಗೆ ಜಾಗವೇ ಉಳಿಯುವುದಿಲ್ಲ. ಅಂಥ ಗಾಡಿಯ ಚಾಸಿಗೆ, ಕೈಪಿಡಿ ತೋರಿಸಿದ ಜಾಗದಲ್ಲಿ, ತೂಕ ತಡೆಯುವ ಸ್ಟ್ಯಾಂಡ್ ಕೊಡಲೇಬೇಕು. ಸ್ಟ್ಯಾಂಡ್ ಇಲ್ಲ ಎಂದರೆ ಕೆಲಸ ಗ್ಯಾರೇಜಿನವರಿಗೆ ಬಿಡಿ. ಅಥವಾ ನಿಮ್ಮ ಇಂಜಿನ್‌ಗೆ ಆಗುವುದಾದರೆ, ಆಯಿಲ್ ಮಟ್ಟ ಅಳೆಯುವ ಕಡ್ಡಿಯ, ಅಂದರೆ ಡಿಪ್‌ಸ್ಟಿಕ್‌ನ, ಕೊಳವೆಯಿಂದ ಆಯಿಲ್ ಎಳೆಯುವ ಪಂಪ್ ಬಳಸಿ. ಆಗ ಫಿಲ್ಟರ್ ಕೂಡ ಮೇಲಿನಿಂದಲೇ ಸಿಗುತ್ತದೆಯೇ ನೋಡಿಕೊಳ್ಳಿ.

ಹಳೆಯದನ್ನು ಇಳಿಸುವುದು

ಇಂಜಿನ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ. ಬೆಚ್ಚಗಿನ ಆಯಿಲ್ ಸಲೀಸಾಗಿ ಇಳಿಯುತ್ತದೆ, ಕೊಳೆಯನ್ನೂ ಜೊತೆಗೆ ತರುತ್ತದೆ. ಆದರೆ ಸುಡುವಷ್ಟು ಬಿಸಿ ಬೇಡ, ಸೈಲೆನ್ಸರ್ ಕೊಳವೆಯೂ ಆರಲಿ. ಮೇಲಿನ ಆಯಿಲ್ ಮುಚ್ಚಳ ಸಡಿಲಿಸಿ.

ಡ್ರೇನ್ ಬೋಲ್ಟನ್ನು ಸ್ಪ್ಯಾನರ್‌ನಿಂದ ಸಡಿಲಿಸಿ, ಆಮೇಲೆ ಬೆರಳಿನಿಂದ ತಿರುಗಿಸಿ. ಕೊನೆಯ ಸುತ್ತುಗಳಲ್ಲಿ ಬೋಲ್ಟನ್ನು ಒಳಕ್ಕೆ ಒತ್ತಿಕೊಂಡೇ ತಿರುಗಿಸಬೇಕು. ಥ್ರೆಡ್ ಮುಗಿದದ್ದು ಕೈಗೆ ಗೊತ್ತಾಗುತ್ತದೆ, ಆಗ ಥಟ್ಟನೆ ಪಕ್ಕಕ್ಕೆ ಎಳೆದುಕೊಳ್ಳಿ. ಬೋಲ್ಟ್ ಪಕ್ಕದಲ್ಲಿದ್ದರೆ ಆಯಿಲ್ ಮೊದಲು ದೂರಕ್ಕೆ ಚಿಮ್ಮಿ, ಕಡಿಮೆಯಾದಂತೆ ಹತ್ತಿರಕ್ಕೆ ಬರುತ್ತದೆ. ತಟ್ಟೆಯನ್ನೂ ಅದರ ಜೊತೆಗೇ ಸರಿಸಬೇಕು.

ಇಳಿಯುತ್ತಿರುವಾಗ ಆಯಿಲ್ ನೋಡಿ. ಡೀಸೆಲ್ ಇಂಜಿನ್‌ನಲ್ಲಿ ಅದು ಕಪ್ಪಗಿರುವುದು ಸಹಜ, ಹೆದರಬೇಡಿ. ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರೋ ಕೂಲೆಂಟೋ ಸೇರಿದೆ ಎಂದರ್ಥ. ಲೋಹದ ಚೂರು ಕಂಡರೆ ಮೆಕ್ಯಾನಿಕ್‌ಗೆ ತೋರಿಸದೆ ಮುಂದಿನ ಪ್ರಯಾಣ ಬೇಡ.

ಪೂರ್ತಿ ಇಳಿದ ಮೇಲೆ ಹೊಸ ವಾಷರ್ ಹಾಕಿ, ಬೋಲ್ಟನ್ನು ಮೊದಲು ಕೈಯಲ್ಲೇ ಕೂರಿಸಿ. ಆಮೇಲೆ ಕೈಪಿಡಿಯ ಟಾರ್ಕ್‌ಗೆ ಬಿಗಿ ಮಾಡಿ. ಇಂಜಿನ್ ಅಡಿಯ ಆಯಿಲ್ ತೊಟ್ಟಿ (ಸಂಪ್) ಅಲ್ಯೂಮಿನಿಯಂನದ್ದಾದರೆ ಅತಿ ಬಿಗಿಗೆ ಥ್ರೆಡ್ ಕಿತ್ತುಹೋಗುತ್ತದೆ.

ಫಿಲ್ಟರ್ ಮತ್ತು ಹೊಸ ಆಯಿಲ್

ಹಳೆ ಫಿಲ್ಟರ್ ಬಿಚ್ಚಿದ ಕೂಡಲೇ ಅದರ ರಬ್ಬರ್ ರಿಂಗ್ ಜೊತೆಗೇ ಬಂತಾ ನೋಡಿ. ಕೆಲವೊಮ್ಮೆ ಅದು ಇಂಜಿನ್‌ಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸ ರಿಂಗ್ ಕೂತರೆ ಒತ್ತಡ ಬಂದಾಗ ಆಯಿಲ್ ಭರ್ರನೆ ಹೊರಬೀಳುತ್ತದೆ. ಹೊಸ ರಿಂಗ್‌ಗೆ ಬೆರಳಿನಿಂದ ಆಯಿಲ್ ಸವರಿ. ಡಬ್ಬಿಯಂಥ ಫಿಲ್ಟರ್ ಆದರೆ ರಿಂಗ್ ತಾಗಿದ ಮೇಲೆ ಫಿಲ್ಟರ್ ಮೇಲೆ ಬರೆದಷ್ಟು, ಬಹುಪಾಲು ಮುಕ್ಕಾಲು ಸುತ್ತು, ಕೈಯಲ್ಲೇ ಬಿಗಿ ಮಾಡಿ.

ಹೇಳಿದ ಅಳತೆಗಿಂತ ಸ್ವಲ್ಪ ಕಡಿಮೆಯೇ ಸುರಿಯಿರಿ. ಇಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತಬೇಡಿ. ಆಯಿಲ್ ಒತ್ತಡದ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ತಕ್ಷಣ ನಿಲ್ಲಿಸಿ. ಒಂದೆರಡು ನಿಮಿಷದ ನಂತರ ಆಫ್ ಮಾಡಿ, ಬೋಲ್ಟ್ ಮತ್ತು ಫಿಲ್ಟರ್ ಹತ್ತಿರ ಟಾರ್ಚ್ ಬಿಟ್ಟು ಸೋರಿಕೆ ನೋಡಿ. ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಒರೆಸಿ ಅಳೆಯಿರಿ, ಬೇಕಾದಷ್ಟೇ ಸೇರಿಸಿ. ಮೇಲಿನ ಗೆರೆ ದಾಟಿಸಬೇಡಿ, ಜಾಸ್ತಿಯಾದ ಆಯಿಲ್ ಕಡೆದು ನೊರೆಯಾಗುತ್ತದೆ. ನೊರೆಯಿಂದ ಬೇರಿಂಗ್‌ಗೆ ರಕ್ಷಣೆ ಇಲ್ಲ.

ಜನರೇಟರ್ ಮರೆಯಬೇಡಿ

ಗಾಡಿಯಲ್ಲಿ ಜನರೇಟರ್ ಇದ್ದರೆ ಅದಕ್ಕೂ ಬೇರೆ ಆಯಿಲ್ ಇದೆ. ಅದರ ಲೆಕ್ಕ ಕಿಲೋಮೀಟರ್‌ನಲ್ಲಲ್ಲ, ಓಡಿದ ಗಂಟೆಯಲ್ಲಿ. ಅದು ಹಿಡಿಯುವ ಆಯಿಲ್ ಕಡಿಮೆ, ದುಡಿತ ಮಾತ್ರ ಜಾಸ್ತಿ. ಹಾಗಾಗಿ ಓಡಿದ ಗಂಟೆ ತೋರಿಸುವ ಅವರ್ ಮೀಟರ್ ನೋಡಿ ಇಂಜಿನ್ ಜೊತೆಗೇ ಇದನ್ನೂ ಮುಗಿಸಿಬಿಡಿ.

ಹಳೆ ಆಯಿಲ್ಲನ್ನು ಮುಚ್ಚಳ ಬಿಗಿಯಾದ ಕ್ಯಾನ್‌ಗೆ ತುಂಬಿ ಮರುಬಳಕೆಗೆ ಸಂಗ್ರಹಿಸುವವರಿಗೆ ಕೊಡಿ. ಮಣ್ಣಿಗೋ ಚರಂಡಿಗೋ ಒಂದು ಹನಿಯೂ ಬೇಡ. ಕೂಲೆಂಟ್, ಪೆಟ್ರೋಲ್ ಅದಕ್ಕೆ ಬೆರೆಸಬೇಡಿ, ಬೆರೆತರೆ ಅವರು ತೆಗೆದುಕೊಳ್ಳುವುದು ಕಷ್ಟ. ಕೊನೆಗೆ ತಾರೀಖು, ಕಿಲೋಮೀಟರ್, ಜನರೇಟರ್ ಗಂಟೆ ಮೂರನ್ನೂ ಬರೆದಿಡಿ. ಮೊದಲ ಸುತ್ತಾಟ ಮುಗಿಸಿ ಬಂದ ಮೇಲೆ ಡಿಪ್‌ಸ್ಟಿಕ್ ಇನ್ನೊಮ್ಮೆ ನೋಡಿ, ನಿಂತ ಜಾಗದಲ್ಲಿ ಹನಿ ಬಿದ್ದಿದೆಯಾ ಎಂದು ಬಗ್ಗಿ ಪರೀಕ್ಷಿಸಿ.