ಪ್ಯಾಕೇಜ್ ಮೇಂಟೇನರ್ ಅಂದ್ರೆ ನಾನಲ್ಲ

2019ರ ದಸರಾ ಹತ್ತಿರ ಬಂದಿತ್ತು. ಹುಬ್ಬಳ್ಳಿಯ ಮನೆಯಲ್ಲಿ ಕೂತು ಗದಗದ ಒಂದು ಮುದ್ರಣಾಲಯದ ಸರ್ವರನ್ನು ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ 9ನೇ ಆವೃತ್ತಿಯಿಂದ 10ಕ್ಕೆ ಏರಿಸುತ್ತಿದ್ದೆ. ರಾತ್ರಿ ಹನ್ನೊಂದೂವರೆ ಆಗಿರಬೇಕು. ಸಾಲುಗಳು ಸರಸರ ಓಡುತ್ತಿದ್ದವು. ಇದ್ದಕ್ಕಿದ್ದಂತೆ ನೀಲಿ ಪರದೆ ಬಂತು. ದೂರದಿಂದ ಮಷೀನಿನೊಳಗೆ ಬರಲು ಬಿಡುವ ಎಸ್‌ಎಸ್‌ಎಚ್ ಸರ್ವರಿನ ಕಾನ್ಫಿಗ್ (ಸೆಟ್ಟಿಂಗ್) ಫೈಲಿಗೆ ಹೊಸ ಆವೃತ್ತಿ ಬಂದಿದೆ, ಆದರೆ ಇಲ್ಲಿರುವ ಫೈಲನ್ನು ಯಾರೋ ತಿದ್ದಿದ್ದಾರೆ, ಏನು ಮಾಡಲಿ ಅಂತ ಕೇಳಿತು.

ಮೇಲಿನ ಸಾಲು 'ಇನ್‌ಸ್ಟಾಲ್ ದ ಪ್ಯಾಕೇಜ್ ಮೇಂಟೇನರ್ಸ್ ವರ್ಷನ್'. ಅದರ ಕೆಳಗೆ 'ಕೀಪ್ ದ ಲೋಕಲ್ ವರ್ಷನ್'. ನಿದ್ದೆಗಣ್ಣಲ್ಲಿ ನನಗೆ ಕಂಡದ್ದು 'ಮೇಂಟೇನರ್' ಅನ್ನೋ ಒಂದೇ ಪದ. ಈ ಮಷೀನನ್ನು ಮೇಂಟೇನ್ ಮಾಡೋನು ನಾನೇ ಅಲ್ವಾ? ಹಾಗಾದರೆ ಮೇಂಟೇನರ್ ವರ್ಷನ್ ಅಂದರೆ ನನ್ನದೇ. ಬಾಣದ ಕೀಲಿ ಒಂದು ಸಲ ಮೇಲಕ್ಕೆ, ಎಂಟರ್.

ಆ ಮೇಂಟೇನರ್ ನಾನಲ್ಲ, ಡೆಬಿಯನ್‌ಗಾಗಿ ಆ ಪ್ಯಾಕೇಜನ್ನು, ಅಂದರೆ ಪ್ರೋಗ್ರಾಂ ಮತ್ತು ಅದರ ಫೈಲುಗಳ ಗಂಟನ್ನು, ಕಟ್ಟುವವರು. ನಾನು ಬರೆದಿದ್ದ ಫೈಲ್ ಪಕ್ಕಕ್ಕೆ ಸರಿಯಿತು, ಅವರು ಕೊಟ್ಟ ಕಾರ್ಖಾನೆಯ ಫೈಲ್ ಬಂದು ಕೂತಿತು. ಎಸ್‌ಎಸ್‌ಎಚ್ ನಾನು ಕೊಟ್ಟಿದ್ದ 2222ನೇ ಪೋರ್ಟ್ (ನೆಟ್‌ವರ್ಕಿನ ಬಾಗಿಲ ಸಂಖ್ಯೆ) ಬಿಟ್ಟು 22ಕ್ಕೆ ಹೋಯಿತು. ಮುದ್ರಣಾಲಯದ ರೌಟರ್ ಹೊರಗಿನಿಂದ ಒಳಗೆ ಬಿಡುವುದು 2222 ಒಂದನ್ನೇ.

ಮಜಾ ಏನೆಂದರೆ ಆಗ ಏನೂ ಆಗಲಿಲ್ಲ. ಎಸ್‌ಎಸ್‌ಎಚ್ ಸರ್ವರ್ ಮರುಶುರುವಾದರೂ ಈಗಾಗಲೇ ಒಳಗಿರುವವರನ್ನು ಅದು ಹೊರಗೆ ಹಾಕುವುದಿಲ್ಲ. ಹಾಗಾಗಿ ಎಲ್ಲ ಸರಿಯಾಗಿದೆ ಅಂದುಕೊಂಡು ರೀಬೂಟ್ ಕೊಟ್ಟೆ. ಹತ್ತು ನಿಮಿಷ ಕಾದೆ. ಇಪ್ಪತ್ತು ನಿಮಿಷ ಕಾದೆ. ಬೆಳಿಗ್ಗೆ ಮೊದಲ ಬಸ್ ಹಿಡಿದು ಗದಗಕ್ಕೆ ಹೋಗಿ, ಪೇಪರ್ ರೀಮುಗಳ ಹಿಂದೆ ಕೂತು, ಮಾನಿಟರ್ ಚುಚ್ಚಿ ಒಂದು ಸಾಲು ತಿದ್ದಿ ಬಂದೆ. ಕ್ಯಾಲೆಂಡರ್ ಮತ್ತು ಮದುವೆ ಪತ್ರಿಕೆಗಳ ಸೀಸನ್ನು. ಮಾಲೀಕರು ಬೈಯಲಿಲ್ಲ, ಚಹಾ ಕುಡಿಸಿದರು. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಬಸ್ಸಲ್ಲಿ ವಾಪಸ್ ಬರುವಾಗ ಇನ್ನೊಂದು ವಿಷಯ ಹೊಳೆದು ಬೆವರು ಬಂತು. ನನ್ನ ಫೈಲಿನಲ್ಲಿ ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿದ್ದೆ, ಕೀ ಇದ್ದವರಿಗೆ ಮಾತ್ರ ಪ್ರವೇಶ. ಕಾರ್ಖಾನೆಯ ಫೈಲಿನಲ್ಲಿ ಆ ಸಾಲು ಕಾಮೆಂಟ್ ಆಗಿರುತ್ತದೆ (ಪ್ರೋಗ್ರಾಂ ಅದನ್ನು ಓದುವುದಿಲ್ಲ), ಅಂದರೆ ಪಾಸ್‌ವರ್ಡ್ ನಡೆಯುತ್ತದೆ. ಪೋರ್ಟ್ ಬದಲಾಗಿ ನಾನೇ ಹೊರಗುಳಿದದ್ದು ಅದೃಷ್ಟ. ನಾನು ಮೊದಲೇ 22ನೇ ಪೋರ್ಟನ್ನೇ ಬಳಸುತ್ತಿದ್ದರೆ ಎಲ್ಲ ಮೊದಲಿನಂತೆ ಕಾಣುತ್ತಿತ್ತು. ಬಾಗಿಲು ಮಾತ್ರ ಊರಿಗೆಲ್ಲ ತೆರೆದಿರುತ್ತಿತ್ತು.

ಅಲ್ಲಿಂದ ನಾನು 'ಅಪ್‌ಡೇಟ್ ಯಾವತ್ತೂ ನನ್ನ ಕಾನ್ಫಿಗ್ ಮುಟ್ಟಬಾರದು' ಪಕ್ಷ ಸೇರಿದೆ. ಹಾಗೆ ನೋಡಿದರೆ ಡೆಬಿಯನ್ ಮುಟ್ಟಿರಲಿಲ್ಲ. ಕೇಳಿತ್ತು, ಎಂಟರ್ ಒತ್ತಿದ್ದು ನಾನು. ಆದರೆ ಸಿಟ್ಟಿಗೆ ಯಾವ ಲೆಕ್ಕ?

ಡೆಬಿಯನ್ ಲೆಕ್ಕ ನಿಜವಾಗಿ ಚೆನ್ನಾಗಿದೆ. ಪ್ಯಾಕೇಜ್ ಹಾಕುವಾಗ ಅದರ ಕಾನ್ಫಿಗ್ ಫೈಲಿನ ಎಂಡಿ5 ಗುರುತನ್ನು (ಫೈಲಿನ ಬೆರಳಚ್ಚು ಇದ್ದ ಹಾಗೆ) ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಅಪ್‌ಡೇಟಿನಲ್ಲಿ ಹೋಲಿಸುತ್ತದೆ. ನೀವು ಫೈಲ್ ಮುಟ್ಟೇ ಇಲ್ಲವಾ? ಕೇಳದೆ ಹೊಸದನ್ನು ಹಾಕುತ್ತದೆ. ನೀವು ತಿದ್ದಿದ್ದೀರಿ, ಆದರೆ ಪ್ಯಾಕೇಜಿನ ಫೈಲ್ ಹಳೆಯದೇ ಇದೆಯಾ? ನಿಮ್ಮದನ್ನು ಹಾಗೇ ಬಿಡುತ್ತದೆ. ಎರಡೂ ಕಡೆ ಬದಲಾಗಿದ್ದರೆ ಮಾತ್ರ ಪ್ರಶ್ನೆ. ಸುಮ್ನೆ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ. ಬಾಡಿಗೆ ಮನೆಗೆ ಸುಣ್ಣ ಹೊಡೆಸಲು ಬಂದ ಮಾಲೀಕ, ನೀವು ಮೊಳೆ ಹೊಡೆದ ಗೋಡೆಯ ಹತ್ತಿರ ಮಾತ್ರ ನಿಂತು ಕೇಳಿದ ಹಾಗೆ. ಬಳಸುವವರು ಮಾಡಿದ ಬದಲಾವಣೆ ಅಪ್‌ಗ್ರೇಡಿನಲ್ಲಿ ಅಳಿಯಬಾರದು ಅಂತ ಡೆಬಿಯನ್ನಿನ ನಿಯಮಾವಳಿಯಲ್ಲೇ ಬರೆದಿದೆ.

ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಪ್ಯಾಕೇಜ್ ಹಾಕುವ ಆರ್‌ಪಿಎಂ ಪ್ರಶ್ನೆ ಕೇಳುವ ಗೋಜಿಗೇ ಹೋಗುವುದಿಲ್ಲ. ಪ್ಯಾಕೇಜ್ ಕಟ್ಟಿದವರು 'ನೋರಿಪ್ಲೇಸ್' ಗುರುತು ಹಾಕಿದ್ದರೆ ನೀವು ತಿದ್ದಿದ ಫೈಲ್ ಉಳಿಯುತ್ತದೆ, ಹೊಸದು ಪಕ್ಕದಲ್ಲಿ 'ಆರ್‌ಪಿಎಂನ್ಯೂ' ಬಾಲ ಹಚ್ಚಿಕೊಂಡು ಕೂರುತ್ತದೆ. ಗುರುತು ಇಲ್ಲದಿದ್ದರೆ ಹೊಸದು ಗಾದಿಗೇರುತ್ತದೆ, ನಿಮ್ಮದು 'ಆರ್‌ಪಿಎಂಸೇವ್' ಅಂತ ಮೂಲೆಗೆ. ಆರ್ಚ್ ಲಿನಕ್ಸ್‌ನಲ್ಲಿ ಹೊಸ ಫೈಲಿಗೆ 'ಪ್ಯಾಕ್‌ನ್ಯೂ' ಬಾಲ. ಅಂತೂ ಯಾರೂ ನಿಮ್ಮದನ್ನು ಎಸೆಯುವುದಿಲ್ಲ.

ಒಂದು ತಮಾಷೆ ಹೇಳಬೇಕು. ಮುದ್ರಣಾಲಯದ ಹುಡುಗನೊಬ್ಬ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ನ ಕಾನ್ಫಿಗ್ ಫೈಲಿಗೆ ಕೈ ಹಾಕಿ ವೆಬ್‌ಸೈಟ್ ಮಲಗಿಸಿದ್ದ. ಅದಕ್ಕೆ ಆ ಫೈಲಿನ ತಲೆಯಲ್ಲಿ 'ಇದನ್ನ ಮುಟ್ಬೇಡ್ರಪಾ' ಅಂತ ಕನ್ನಡದಲ್ಲಿ ಒಂದು ಕಾಮೆಂಟ್ ಬರೆದೆ. ಬೇರೇನೂ ಬದಲಿಸಿರಲಿಲ್ಲ. ಗುರುತು ಹೋಲಿಸುವ ಯಂತ್ರಕ್ಕೆ ಕಾಮೆಂಟೂ ಬದಲಾವಣೆಯೇ, ಒಂದು ಖಾಲಿ ಜಾಗವೂ ಬದಲಾವಣೆಯೇ. ಕೇಳದೆ ಬದಲಾಗಬಹುದಿದ್ದ ಫೈಲಿಗೆ ನಾನೇ ಕೈಯಾರೆ ಪ್ರಶ್ನೆ ಅಂಟಿಸಿದ್ದೆ. ತಾನೇ ತಾನಾಗಿ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಅಂಥ ಪ್ರಶ್ನೆ ಎದುರಾದರೆ ಆ ಪ್ಯಾಕೇಜನ್ನೇ ಬಿಟ್ಟು ಮುಂದೆ ಹೋಗುತ್ತದೆ. ಡೆಬಿಯನ್ ಸ್ಟೇಬಲ್‌ನಲ್ಲಿ (ಬಿಡುಗಡೆಯಾದ ಸ್ಥಿರ ಆವೃತ್ತಿಯಲ್ಲಿ) ಇದು ಅಪರೂಪ. ಆದರೆ ನನ್ನ ಒಂದು ಕನ್ನಡ ಸಾಲಿನಿಂದ ಒಂದು ಭದ್ರತಾ ಅಪ್‌ಡೇಟ್ ಬಾಗಿಲ ಹೊರಗೆ ನಿಲ್ಲಬಹುದು ಅನ್ನುವುದು ಸಣ್ಣ ಮಾತಲ್ಲ.

ಸರಿ, ಪಕ್ಷ ಸೇರಿದ ಮೇಲೆ ಏನಾಯಿತು? ಎಲ್ಲ ಮಷೀನುಗಳಲ್ಲೂ 'ಹಳೆಯದನ್ನೇ ಇಟ್ಟುಕೊ, ನನ್ನನ್ನು ಕೇಳಬೇಡ' ಅನ್ನೋ ಆಯ್ಕೆಯನ್ನು ಸ್ಕ್ರಿಪ್ಟಿಗೆ ಹಾಕಿದೆ. ಬಹಳ ನೆಮ್ಮದಿ. 10ರಿಂದ 11, 11ರಿಂದ 12, ಎಲ್ಲ ಬೆಣ್ಣೆಯಂತೆ ಹೋಯಿತು. ಕಾನ್ಫಿಗ್ ಫೈಲುಗಳಿರುವ ಇಟಿಸಿ ಡೈರೆಕ್ಟರಿಯಲ್ಲಿ, ನಾನು ಬೇಡವೆಂದ ಹೊಸ ಆವೃತ್ತಿಗಳು 'ಡಿಪಿಕೆಜಿ-ಡಿಸ್ಟ್', 'ಯುಸಿಎಫ್-ಡಿಸ್ಟ್' ಬಾಲ ಹಚ್ಚಿಕೊಂಡು ಓದದ ಪತ್ರಗಳ ಹಾಗೆ ಬೀಳುತ್ತಿದ್ದವು. ಒಂದನ್ನೂ ತೆರೆದು ನೋಡಲಿಲ್ಲ.

2025ರ ಆಗಸ್ಟಿನಲ್ಲಿ ಡೆಬಿಯನ್ 13 ಬಂತು. ಅದರಲ್ಲಿ ಮೇಲ್ ಸರ್ವರ್ ಡವ್‌ಕಾಟ್ 2.3ರಿಂದ 2.4ಕ್ಕೆ ಹೋಗಿದೆ, ಮತ್ತು 2.4ಕ್ಕೆ 2.3ರ ಕಾನ್ಫಿಗ್ ಅರ್ಥವಾಗುವುದಿಲ್ಲ. ಮೊದಲ ಸಾಲಿನಲ್ಲೇ ಈ ಕಾನ್ಫಿಗ್ ಯಾವ ಆವೃತ್ತಿಯದು ಅಂತ ಹೇಳಬೇಕು, ಇಲ್ಲದಿದ್ದರೆ ಶುರುವೇ ಆಗುವುದಿಲ್ಲ. ಮೇಲ್ ಎಲ್ಲಿದೆ ಅಂತ ಹೇಳುವ 'ಮೇಲ್ ಲೊಕೇಶನ್' ಸಾಲು ಒಡೆದು 'ಮೇಲ್ ಡ್ರೈವರ್', 'ಮೇಲ್ ಪಾತ್' ಅಂತ ಎರಡಾಗಿದೆ. ಸರ್ಟಿಫಿಕೇಟ್ ಸಾಲಿನ ಹೆಸರೂ ಬೇರೆ. ನಾನು ನೋಡಿಕೊಳ್ಳುವ ಒಂದು ಸಂಸ್ಥೆಯ ಮೇಲ್ ಸರ್ವರಿನಲ್ಲಿ ನನ್ನ ಸ್ಕ್ರಿಪ್ಟ್ ನಿಷ್ಠೆಯಿಂದ ಹಳೆಯ ಫೈಲುಗಳನ್ನು ಉಳಿಸಿಕೊಂಡಿತು. ಡವ್‌ಕಾಟ್ ಏಳಲಿಲ್ಲ. ಶನಿವಾರ ಮಧ್ಯಾಹ್ನ ಮಾಡಿದ್ದರಿಂದ ಬಚಾವಾದೆ. ಬಿಡುಗಡೆ ಟಿಪ್ಪಣಿಯಲ್ಲಿ ಇದೆಲ್ಲ ಸ್ಪಷ್ಟವಾಗಿ ಬರೆದಿತ್ತು. ಓದಿರಲಿಲ್ಲ.

ಆ ಮಧ್ಯಾಹ್ನ ನನಗೆ ಒಂದು ಉಪಕಾರವೂ ಆಯಿತು. ಕಾರ್ಖಾನೆಯ ಮೌಲ್ಯಕ್ಕಿಂತ ಬೇರೆಯಾಗಿರುವ ಸಾಲುಗಳನ್ನು ಮಾತ್ರ ತೋರಿಸುವ ಒಂದು ಆಜ್ಞೆ ಡವ್‌ಕಾಟ್‌ನಲ್ಲೇ ಇದೆ. 12ರಲ್ಲಿದ್ದಾಗ ತೆಗೆದಿಟ್ಟಿದ್ದ ಅದರ ಪ್ರತಿ ಸಿಕ್ಕಿತು. ಅಷ್ಟೊಂದು ಫೈಲುಗಳಲ್ಲಿ ನಿಜವಾಗಿ ನಾನು ಬರೆದದ್ದು ಎಷ್ಟು ಗೊತ್ತಾ? ಏಳು ಸಾಲು. ಆ ಏಳು ಸಾಲು ಕಾಯಲು ನಾನು ಇಡೀ ಡೈರೆಕ್ಟರಿಗೇ ಬೇಲಿ ಹಾಕಿದ್ದೆ.

ಹಾಗಾದರೆ ಅಪ್‌ಡೇಟೇ ಹಳೆ ಸಾಲುಗಳನ್ನು ಹೊಸ ಭಾಷೆಗೆ ತಿದ್ದಿಕೊಡಬಹುದಿತ್ತಲ್ಲ? ಅದನ್ನೂ ನೋಡಿದ್ದೇನೆ. ಡೆಬಿಯನ್ ಆಧಾರಿತ ಉಬುಂಟು 22.10ರಲ್ಲಿ, ಮಷೀನಿನ ಸೇವೆಗಳನ್ನು ಶುರುಮಾಡುವ ಸಿಸ್ಟಂಡಿಯೇ ಪೋರ್ಟ್ ಕಾದು, ಯಾರಾದರೂ ಬಂದಾಗ ಎಸ್‌ಎಸ್‌ಎಚ್ ಶುರುಮಾಡುವ ಹಾಗೆ ಮಾಡಿದರು. ಪೋರ್ಟ್ ಬದಲಿಸಿಕೊಂಡವರು ಕಂಗಾಲಾಗಬಾರದು ಅಂತ ಅಪ್‌ಗ್ರೇಡ್ ಮಾಡುವಾಗ ಆ ಸಂಖ್ಯೆಯನ್ನು ಸಿಸ್ಟಂಡಿಯ ಒಂದು ಫೈಲಿಗೆ ತಾನೇ ನಕಲು ಮಾಡಿತು. ಎಷ್ಟು ಜಾಣತನ! ಆಮೇಲೆ ಪೋರ್ಟ್ ಬದಲಿಸೋಣ ಅಂತ ಹಳೆಯ ಫೈಲಿನಲ್ಲಿ ಸಂಖ್ಯೆ ತಿದ್ದಿದರೆ ಏನೂ ಆಗುವುದಿಲ್ಲ. ಸಾಲು ಅಲ್ಲೇ ಇದೆ, ಓದಲು ಸರಿಯಾಗೇ ಇದೆ, ಆದರೆ ಅದಕ್ಕೆ ಜೀವವಿಲ್ಲ. ನನ್ನ ಗೆಳೆಯನ ಒಂದು ಇಡೀ ಸಂಜೆ ಇದಕ್ಕೇ ಹೋಯಿತು. 24.04ರ ಹೊತ್ತಿಗೆ ಮತ್ತೆ ಹಳೆಯ ಫೈಲಿನಿಂದಲೇ ಪೋರ್ಟ್ ಓದುವ ಹಾಗೆ ಮಾಡಿದರು.

ಇದಕ್ಕೆಲ್ಲ ಉತ್ತರ ನನ್ನ ಮೂಗಿನ ಕೆಳಗೇ ಇತ್ತು, ಅದೇ ಗದಗದ ಮುದ್ರಣಾಲಯದಲ್ಲಿ. ಪ್ರೂಫ್ ನೋಡುವವರ ಕಂಪ್ಯೂಟರುಗಳಲ್ಲಿ ಕನ್ನಡಕ್ಕೆ ಯಾವ ಫಾಂಟ್ ಮೊದಲು ಬರಬೇಕು ಅಂತ 2017ರಲ್ಲಿ ಒಂದು ಫೈಲ್ ಬರೆದಿದ್ದೆ. ಮೊದಲು ಗುಬ್ಬಿ, ಆಮೇಲೆ ಲೋಹಿತ್. ಅವತ್ತು ನೇರವಾಗಿ, ಫಾಂಟ್ ಆರಿಸುವ ಫಾಂಟ್‌ಕಾನ್ಫಿಗ್‌ನ ಫಾಂಟ್ಸ್ ಡಾಟ್ ಕಾನ್ಫ್ ಫೈಲನ್ನೇ ತಿದ್ದಲು ಹೋಗಿದ್ದೆ. ಅದರ ಒಳಗೇ ದೊಡ್ಡಕ್ಷರದಲ್ಲಿ ಬರೆದಿತ್ತು: ಈ ಫೈಲ್ ತಿದ್ದಬೇಡಿ, ಫಾಂಟ್‌ಕಾನ್ಫಿಗ್ ಅಪ್‌ಡೇಟ್ ಆದಾಗ ಇದು ಬದಲಾಗುತ್ತದೆ, ನಿಮ್ಮ ಬದಲಾವಣೆ ಲೋಕಲ್ ಡಾಟ್ ಕಾನ್ಫ್‌ನಲ್ಲಿ ಇರಲಿ. ಹೇಳಿದ ಹಾಗೆ ಕೇಳಿದೆ. ಲೋಕಲ್ ಡಾಟ್ ಕಾನ್ಫ್ ಯಾವ ಪ್ಯಾಕೇಜಿಗೂ ಸೇರಿದ್ದಲ್ಲ. ನಾಲ್ಕು ಅಪ್‌ಗ್ರೇಡ್ ದಾಟಿದರೂ ಅದರ ಬಗ್ಗೆ ಒಂದು ಪ್ರಶ್ನೆ ಬಂದಿಲ್ಲ, ಒಂದು ಒತ್ತಕ್ಷರ ಕೆಟ್ಟಿಲ್ಲ. ಇದು ನನ್ನದು ಅಂತ ಫಾಂಟ್‌ಕಾನ್ಫಿಗ್‌ನವರು ಮೊದಲೇ ಹೇಳಿದರು, ಅದು ನಿನ್ನದು ಅಂತಲೂ ತೋರಿಸಿದರು. ಜಗಳಕ್ಕೆ ಕಾರಣವೇ ಉಳಿಯಲಿಲ್ಲ.

ಈಗ ಎಲ್ಲ ಕಡೆ ಅದನ್ನೇ ಮಾಡುತ್ತೇನೆ. ಎಸ್‌ಎಸ್‌ಎಚ್‌ನ ಮುಖ್ಯ ಫೈಲನ್ನು ಕಾರ್ಖಾನೆಯ ಸ್ಥಿತಿಗೆ ತಂದು ಬಿಟ್ಟಿದ್ದೇನೆ. ಅದು ಅವರದು, ಅಪ್‌ಡೇಟ್ ಬಂದಾಗ ಕೇಳದೆ ಬದಲಿಸಿಕೊಳ್ಳಲಿ. ನನ್ನ ನಾಲ್ಕು ಸಾಲು 'ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ' ಡೈರೆಕ್ಟರಿಯ ಒಂದು ಪುಟ್ಟ ಫೈಲಿನಲ್ಲಿವೆ. 2020ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.2ರಿಂದ ಹೀಗೆ ಬೇರೆ ಫೈಲನ್ನು ಒಳಸೇರಿಸಲು ಬರುತ್ತದೆ, ಡೆಬಿಯನ್ 11ರಿಂದ ಅದಕ್ಕೆ ಬೇಕಾದ ಸಾಲೂ ತಾನಾಗೇ ಇರುತ್ತದೆ. ಒಂದು ಎಚ್ಚರ: ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕ ಮೌಲ್ಯವೇ ಗೆಲ್ಲುತ್ತದೆ, ಆಮೇಲೆ ಬಂದದ್ದಲ್ಲ. ಹಾಗಾಗಿ ಕೊನೆಗೆ ಓದಲಿ ಅಂತ ಫೈಲ್ ಹೆಸರು 99ರಿಂದ ಶುರುಮಾಡುವ ಚಟ ಇಲ್ಲಿ ಉಲ್ಟಾ ಹೊಡೆಯುತ್ತದೆ. ಕೆಲವು ಕ್ಲೌಡ್ ಮಷೀನುಗಳಲ್ಲಿ 50ರ ಸಂಖ್ಯೆಯ ಒಂದು ಫೈಲ್ ಪಾಸ್‌ವರ್ಡ್ ಲಾಗಿನ್ ತೆರೆದಿಟ್ಟಿರುತ್ತದೆ. ನನ್ನದು 10. ಕೊನೆಗೆ ಯಾವ ಮೌಲ್ಯ ನಿಂತಿದೆ ಅಂತ ಎಸ್‌ಎಸ್‌ಎಚ್‌ಡಿಯನ್ನೇ (ಎಸ್‌ಎಸ್‌ಎಚ್ ಸರ್ವರನ್ನೇ) ಕೇಳಿ ನೋಡುತ್ತೇನೆ.

ಬೇರೆ ಫೈಲಿಗೆ ಜಾಗ ಕೊಡದ ಪ್ರೋಗ್ರಾಂಗಳು ಈಗಲೂ ಇವೆ. ಅಲ್ಲಿ ಕೇಳಿಸಿಕೊಳ್ಳುವುದೇ ದಾರಿ. 'ಕೇಳಬೇಡ' ಅನ್ನೋ ಸ್ಕ್ರಿಪ್ಟನ್ನು ದೊಡ್ಡ ಅಪ್‌ಗ್ರೇಡಿನಿಂದ ತೆಗೆದುಹಾಕಿದ್ದೇನೆ. ಇಟಿಸಿಕೀಪರ್ ಹಾಕಿದ್ದೇನೆ. ಅದು ಇಡೀ ಇಟಿಸಿಯನ್ನು ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿಟ್ಟು, ಪ್ರತಿ ಅಪ್‌ಡೇಟಿನ ಮೊದಲು ಮತ್ತು ಆಮೇಲೆ ತಾನೇ ದಾಖಲಿಸುತ್ತದೆ. ಯಾರು ಏನು ಬದಲಿಸಿದರು ಅನ್ನೋ ಅನುಮಾನ ಉಳಿಯುವುದಿಲ್ಲ. ನೀಲಿ ಪರದೆ ಬಂದರೆ ಮೊದಲು ವ್ಯತ್ಯಾಸ ತೋರಿಸು ಅಂತ ಒತ್ತುತ್ತೇನೆ. ರೀಬೂಟ್ ಮಾಡುವ ಮೊದಲು ಇನ್ನೊಂದು ಕಿಟಕಿಯಿಂದ ಹೊಸದಾಗಿ ಒಳಗೆ ಬಂದು ನೋಡುತ್ತೇನೆ. ಗದಗದ ಬಸ್ ಕಲಿಸಿದ ಪಾಠ ಅದು.

ಮುದ್ರಣಾಲಯದ ಸರ್ವರನ್ನು 13ಕ್ಕೆ ಏರಿಸಿದಾಗ ಕೇಳಿದ್ದು ಒಂದೇ ಪ್ರಶ್ನೆ, ಎನ್‌ಜಿನ್‌ಎಕ್ಸ್ ಬಗ್ಗೆ. ವ್ಯತ್ಯಾಸ ತೋರಿಸು ಅಂದೆ. ಅವರು ಬದಲಿಸಿದ ಸಾಲುಗಳ ಮೇಲೆ 'ಇದನ್ನ ಮುಟ್ಬೇಡ್ರಪಾ' ಕೂತಿತ್ತು. ಹೊಸ ಫೈಲ್ ತೆಗೆದುಕೊಂಡೆ. ಆ ಎಚ್ಚರಿಕೆಯನ್ನು ಕಾಗದದಲ್ಲಿ ಬರೆದು ಮಾನಿಟರಿಗೆ ಅಂಟಿಸಲು ಮಾಲೀಕರಿಗೆ ಫೋನ್ ಮಾಡಿ ಹೇಳಿದೆ.